ಗಟ್ಟಿ ಇಂಗ್ಲಿಷ್ ಪದ ಕಂಡರೆ ಗಾಬರಿ ಬೇಡ, ಬಿಡಿಸಿ ನೋಡಿ

ಗಡಿನಾಡಿನ ಮಕ್ಕಳಿಗೆ ಭಾಷೆ ಕಲಿಯುವುದು ಹೊಸ ಕೆಲಸವಲ್ಲ. ಕಾಸರಗೋಡಿನಲ್ಲಿ ಮನೆಯೊಳಗೆ ಕನ್ನಡ ಅಥವಾ ತುಳು, ಪೇಟೆಗೆ ಹೋದರೆ ಮಲಯಾಳಂ. ಅಕ್ಕಲಕೋಟೆ, ಜತ್ತ ಕಡೆ ಹೊಲದಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ತಾಳವಾಡಿ, ಹೊಸೂರಿನಲ್ಲಿ ತಮಿಳು. ಆದೋನಿ, ಮಡಕಶಿರಾ ಸೀಮೆಯಲ್ಲಿ ತೆಲುಗು. ಯಾರೂ ಕೂರಿಸಿ ಪಾಠ ಹೇಳದೆಯೇ ಎರಡು ಮೂರು ಭಾಷೆ ನಾಲಿಗೆಗೆ ಬಂದಿರುತ್ತದೆ. ಹಾಗಿದ್ದರೂ ಇಂಗ್ಲಿಷಿನ ದೊಡ್ಡ ಪದವೊಂದು ಎದುರಿಗೆ ಬಂದರೆ ಮಕ್ಕಳೂ ಹಿರಿಯರೂ ಒಟ್ಟಿಗೇ ತಡವರಿಸುತ್ತಾರೆ.

ತಡವರಿಕೆ ಶುರುವಾಗುವ ಜಾಗಗಳು ಎಲ್ಲರಿಗೂ ಗೊತ್ತು. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಮುಂದೆ ವಿಜ್ಞಾನ ವಿಭಾಗಕ್ಕೆ ಸೇರಿದರೆ ಪುಸ್ತಕವೆಲ್ಲ ಇಂಗ್ಲಿಷ್. ಬ್ಯಾಂಕಿನ ಸಾಲದ ಪತ್ರ ಇಂಗ್ಲಿಷ್. ಆಸ್ಪತ್ರೆಯಿಂದ ಬಿಡುವಾಗ ಕೈಗೆ ಕೊಡುವ ಕಾಗದ ಇಂಗ್ಲಿಷ್. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ ಎಂದು ಕೇಳುವ ಹತ್ತಾರು ಅಂಕವೂ ಇಂಗ್ಲಿಷಿನದೇ.

ಇದಕ್ಕೆ ಹೆಚ್ಚಿನವರು ಹಿಡಿಯುವ ದಾರಿ ಒಂದೇ: ದಪ್ಪ ಪುಸ್ತಕದ ಪದಪಟ್ಟಿಯನ್ನು ಬಾಯಿಪಾಠ ಮಾಡುವುದು. ನಾಲ್ಕು ದಿನ ನಡೆಯುತ್ತದೆ, ಐದನೆಯ ದಿನ ಪುಸ್ತಕ ಅಟ್ಟ ಸೇರುತ್ತದೆ. ಇದಕ್ಕಿಂತ ಸುಲಭದ ದಾರಿಯೊಂದಿದೆ. ಅದರ ಬೀಗದ ಕೈ ಕನ್ನಡ ಪಠ್ಯಪುಸ್ತಕದಲ್ಲೇ ಇದೆ ಎಂಬುದು ಹಲವರಿಗೆ ಹೊಳೆದಿಲ್ಲ.

ಎಷ್ಟು ಪದ ಬೇಕು?

ಮೊದಲು ಲೆಕ್ಕ ತಿಳಿದರೆ ಹೆದರಿಕೆ ಅರ್ಧ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಪದಗಳಿದ್ದರೂ ಪದೇ ಪದೇ ಬರುವವು ಸ್ವಲ್ಪವೇ. ಬಂಗಾಳದ ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೇಲ್ ವೆಸ್ಟ್, ಎರಡು ಭಾಷೆಯ ನಡುವೆ ಬೆಳೆಯುವ ಮಕ್ಕಳ ಓದಿನ ಬಗ್ಗೆ 1926ರಲ್ಲೇ ಪುಸ್ತಕ ಬರೆದವರು. ಅವರು 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ದಿನಬಳಕೆಯ ಇಂಗ್ಲಿಷಿನ ಬಹುಪಾಲು ಅದರಲ್ಲೇ ಸಿಗುತ್ತದೆ.

ಅದರ ಮೇಲಿನ ಮೆಟ್ಟಿಲು ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿ. ಕಾಲೇಜು ಪುಸ್ತಕಗಳಲ್ಲಿ ಯಾವ ವಿಷಯವಾದರೂ ಮರಳಿ ಮರಳಿ ಬರುವ 570 ಪದ-ಕುಟುಂಬಗಳು ಅದರಲ್ಲಿವೆ. ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’ ಮೂರೂ ಒಂದೇ ಮನೆಯವು, ಅದಕ್ಕೇ ಕುಟುಂಬ ಎಂಬ ಮಾತು. ಈ 570 ಕುಟುಂಬಗಳೇ ಕಾಲೇಜು ಬರಹದ ಸುಮಾರು ನೂರಕ್ಕೆ 10 ಭಾಗವನ್ನು ತುಂಬುತ್ತವೆ. ಇಂಗ್ಲಿಷ್ ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8000ದಿಂದ 9000 ಕುಟುಂಬಗಳು ಬೇಕೆಂದು ಇನ್ನೊಬ್ಬ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು.

ದಿನಕ್ಕೆ ಐದು ಪದದಂತೆ ವರ್ಷದಲ್ಲಿ 300 ದಿನ ಕಲಿತರೆ 1500 ಪದ. ಕಾಲೇಜಿಗೆ ಬೇಕಾದ ಬುನಾದಿ ಒಂದೆರಡು ವರ್ಷದ ಕೆಲಸ, ಅಷ್ಟೇ.

ಕನ್ನಡ ಪಠ್ಯದಲ್ಲೇ ಬೀಗದ ಕೈ

‘ಫೋಟೋಸಿಂಥೆಸಿಸ್’ ಎಂಬ ಪದ ಕಂಡು ಬೆವರುವ ವಿದ್ಯಾರ್ಥಿ ಎಂಟನೆಯ ತರಗತಿಯಲ್ಲೋ ಒಂಬತ್ತರಲ್ಲೋ ‘ದ್ಯುತಿಸಂಶ್ಲೇಷಣೆ’ ಓದಿಯೇ ಬಂದಿರುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಫೋಟೋ’ ಎಂದರೆ ಗ್ರೀಕಿನಲ್ಲಿ ಬೆಳಕು. ‘ದ್ಯುತಿ’ ಎಂದರೂ ಬೆಳಕು. ‘ಸಿನ್’ ಎಂದರೆ ಒಟ್ಟಿಗೆ, ‘ಥೆಸಿಸ್’ ಎಂದರೆ ಇಡುವುದು. ‘ಸಂಶ್ಲೇಷಣೆ’ ಎಂದರೂ ಕೂಡಿಸುವುದು. ಕನ್ನಡ ಪದ ಮಾಡಿದವರು ಇಂಗ್ಲಿಷ್ ಪದವನ್ನು ತುಂಡು ತುಂಡಾಗಿ ಬಿಡಿಸಿ ಅದೇ ಜಾಗದಲ್ಲಿ ಸಂಸ್ಕೃತದ ತುಂಡು ಕೂರಿಸಿದ್ದಾರೆ.

ಇದು ಒಂದು ಪದದ ಕತೆಯಲ್ಲ. ‘ಹೈಡ್ರೋಜನ್’ನಲ್ಲಿ ‘ಹೈಡ್ರೋ’ ನೀರು, ‘ಜೆನ್’ ಹುಟ್ಟಿಸುವುದು, ಕನ್ನಡದಲ್ಲಿ ಜಲಜನಕ. ‘ಆಕ್ಸಿಜನ್’ ಎಂದರೆ ಹುಳಿಯನ್ನು ಹುಟ್ಟಿಸುವುದು, ಕನ್ನಡದಲ್ಲಿ ಆಮ್ಲಜನಕ. ಎಲ್ಲ ಆಮ್ಲಗಳಿಗೂ ಈ ಅನಿಲವೇ ಕಾರಣ ಎಂದು ನಂಬಿದ್ದ ಫ್ರಾನ್ಸಿನ ಲವೋಸಿಯೇ ಇಟ್ಟ ಹೆಸರದು. ಆ ನಂಬಿಕೆ ಆಮೇಲೆ ತಪ್ಪೆಂದು ತಿಳಿಯಿತು, ಹೆಸರು ಮಾತ್ರ ಎರಡೂ ಭಾಷೆಯಲ್ಲಿ ಉಳಿಯಿತು.

‘ಥರ್ಮೋಮೀಟರ್’ ಉಷ್ಣಮಾಪಕ. ‘ಮೈಕ್ರೋಸ್ಕೋಪ್’ ಸೂಕ್ಷ್ಮದರ್ಶಕ. ‘ಟೆಲಿಸ್ಕೋಪ್’ ದೂರದರ್ಶಕ. ‘ಬಯಾಲಜಿ’ ಜೀವಶಾಸ್ತ್ರ. ‘ಇನ್‌ವರ್ಟಿಬ್ರೇಟ್’ ಅಕಶೇರುಕ, ಅಂದರೆ ಬೆನ್ನುಮೂಳೆ ಇಲ್ಲದ್ದು. ‘ಆಂಫಿಬಿಯನ್’ ಎಂದರೆ ಎರಡೂ ಕಡೆ ಬದುಕುವುದು, ಉಭಯವಾಸಿ.

ಒಂದೊಂದು ತುಂಡು ಗೊತ್ತಾದರೆ ಹತ್ತು ಪದ ತೆರೆದುಕೊಳ್ಳುತ್ತವೆ. ‘ಥರ್ಮೋ’ ಉಷ್ಣವೆಂದು ತಿಳಿದವನಿಗೆ ‘ಥರ್ಮಲ್’ ವಿದ್ಯುತ್ ಸ್ಥಾವರ, ‘ಥರ್ಮಾಸ್’ ಫ್ಲಾಸ್ಕು, ‘ಜಿಯೋಥರ್ಮಲ್’ ಎಲ್ಲವೂ ನೆಂಟರೇ. ‘ಜಿಯೋ’ ಭೂಮಿಯಾದ್ದರಿಂದ ಕೊನೆಯದು ಭೂಮಿಯ ಒಳಗಿನ ಶಾಖ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಹಿಂದೆ ಬಿದ್ದೆವು ಎಂದು ಕೊರಗುವ ಮಕ್ಕಳು ಇದನ್ನು ಗಮನಿಸಬೇಕು. ಪದದ ಒಳಗಿನ ತಿರುಳು ಅವರ ಕೈಯಲ್ಲಿ ಆಗಲೇ ಇದೆ. ಹೊರಗಿನ ಸಿಪ್ಪೆಯ ಹೆಸರು ಮಾತ್ರ ಕಲಿತರೆ ಸಾಕು. ಹಳೆಯ ಕನ್ನಡ ವಿಜ್ಞಾನ ಪುಸ್ತಕವನ್ನು ರದ್ದಿಗೆ ಹಾಕದೆ ಹೊಸ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಳ್ಳುವುದು ಲಾಭ.

ನೆಂಟಸ್ತಿಕೆ ಹಳೆಯದು

ಕೆಲವು ಪದಗಳಲ್ಲಿ ಅರ್ಥ ಮಾತ್ರವಲ್ಲ, ಸದ್ದೂ ಹೊಂದುತ್ತದೆ. ಅದು ಕಾಕತಾಳೀಯವಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣ ಪ್ರಸಿದ್ಧ. ಕನ್ನಡ ದ್ರಾವಿಡ ಕುಟುಂಬದ್ದು, ನಿಜ. ಆದರೆ ಅದು ಸಂಸ್ಕೃತದಿಂದ ಪಡೆದ ಪದಗಳು ಸಾವಿರಾರು. ಇಂಗ್ಲಿಷ್ ಕೂಡ ತನ್ನ ಗಟ್ಟಿ ಪದಗಳನ್ನೆಲ್ಲ ಲ್ಯಾಟಿನ್, ಗ್ರೀಕಿನಿಂದಲೇ ತಂದಿದೆ. ಹೀಗಾಗಿ ಎರಡು ಮನೆಗೂ ಒಂದೇ ಕಡೆಯಿಂದ ಸಾಮಾನು ಬಂದಂತಾಯಿತು.

ದಂತದಿಂದ ‘ಡೆಂಟಲ್’ ನೆನಪಿಡಬಹುದು. ಪಾದದಿಂದ ‘ಪೆಡಲ್’, ‘ಪೆಡೆಸ್ಟ್ರಿಯನ್’, ಅಂದರೆ ಪಾದಚಾರಿ. ಮಾತೃವಿನಿಂದ ‘ಮೆಟರ್ನಲ್’, ಪಿತೃವಿನಿಂದ ‘ಪೆಟರ್ನಲ್’, ಭ್ರಾತೃವಿನಿಂದ ‘ಫ್ರಾಟರ್ನಿಟಿ’. ನವದಿಂದ ‘ಇನ್ನೊವೇಶನ್’. ದಾನದಿಂದ ‘ಡೊನೇಶನ್’. ಮರಣದಿಂದ ‘ಮಾರ್ಟಲ್’, ಅದಕ್ಕೆ ‘ಇಮ್’ ಸೇರಿದರೆ ‘ಇಮ್ಮಾರ್ಟಲ್’, ನಮ್ಮ ಅಮರ. ನಾಮದಿಂದ ‘ನಾಮಿನೇಶನ್’. ಹೆಸರಿಲ್ಲದವನು ಅನಾಮಿಕ, ಇಂಗ್ಲಿಷಿನಲ್ಲಿ ‘ಅನಾನಿಮಸ್’. ಸುತ್ತಳತೆ ‘ಪೆರಿಮೀಟರ್’; ಅದರ ‘ಪೆರಿ’ ನಮ್ಮ ‘ಪರಿಧಿ’, ‘ಪರಿಸರ’ದಲ್ಲಿರುವ ‘ಪರಿ’ಯೇ.

ಇವುಗಳಲ್ಲಿ ಬಲು ಉಪಯೋಗದ್ದು ‘ಉಪ’. ಸಂಸ್ಕೃತದ ‘ಉಪ’ಕ್ಕೆ ಲ್ಯಾಟಿನ್ನಿನಲ್ಲಿ ‘ಸಬ್’, ಗ್ರೀಕಿನಲ್ಲಿ ‘ಹೈಪೊ’ ಎಂಬ ಸೋದರರಿದ್ದಾರೆ. ಸಬ್ ರಿಜಿಸ್ಟ್ರಾರ್ ಉಪನೋಂದಣಾಧಿಕಾರಿ, ಸಬ್ ಕಮಿಟಿ ಉಪಸಮಿತಿ, ಸಬ್ ಡಿವಿಜನ್ ಉಪವಿಭಾಗ. ‘ಉಪರಿ’, ಅಂದರೆ ಮೇಲೆ, ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ‘ಸೂಪರ್’, ಗ್ರೀಕಿನಲ್ಲಿ ‘ಹೈಪರ್’. ಉಪ ಕೆಳಗೆ, ಉಪರಿ ಮೇಲೆ. ಈ ಒಂದು ಸೂತ್ರ ಆಸ್ಪತ್ರೆಯಲ್ಲಿ ಎಷ್ಟು ಬೇಕಾಗುತ್ತದೆ ಎಂಬುದನ್ನು ಮುಂದೆ ನೋಡಿ.

ಆಸ್ಪತ್ರೆಯ ಕಾಗದ

ಸಕ್ಕರೆ ಕಾಯಿಲೆಯವರ ಕಾಗದದಲ್ಲಿ ‘ಹೈಪರ್‌ಗ್ಲೈಸೀಮಿಯ’ ಎಂದಿದ್ದರೆ ರಕ್ತದಲ್ಲಿ ಸಕ್ಕರೆ ಏರಿದೆ. ‘ಹೈಪೊಗ್ಲೈಸೀಮಿಯ’ ಎಂದಿದ್ದರೆ ಇಳಿದಿದೆ. ಕೇಳುವಾಗ ಎರಡೂ ಒಂದೇ ತರಹ. ಮನೆಯವರು ಮಾಡಬೇಕಾದ್ದು ಮಾತ್ರ ತದ್ವಿರುದ್ಧ. ಇಳಿದಾಗ ಪ್ರಜ್ಞೆ ಇರುವ ರೋಗಿಗೆ ತಕ್ಷಣ ಸಕ್ಕರೆ ಕೊಡಬೇಕು. ಏರಿದಾಗ ಅದೇ ಸಕ್ಕರೆ ತೊಂದರೆ ಹೆಚ್ಚಿಸುತ್ತದೆ. ಉಪ, ಉಪರಿ ನೆನಪಿದ್ದರೆ ಗೊಂದಲವಿಲ್ಲ. ರಕ್ತದೊತ್ತಡದ ‘ಹೈಪರ್‌ಟೆನ್ಷನ್’, ‘ಹೈಪೊಟೆನ್ಷನ್’ಗೂ, ಥೈರಾಯ್ಡಿಗೂ ಇದೇ ಸೂತ್ರ.

‘ಐಟಿಸ್’ ಎಂದು ಮುಗಿದರೆ ಉರಿಯೂತ: ‘ಗ್ಯಾಸ್ಟ್ರೈಟಿಸ್’ ಹೊಟ್ಟೆಯದು, ‘ಹೆಪಟೈಟಿಸ್’ ಪಿತ್ತಜನಕಾಂಗದ್ದು, ‘ಆರ್ಥ್ರೈಟಿಸ್’ ಕೀಲಿನದು. ‘ಎಕ್ಟಮಿ’ ಎಂದು ಮುಗಿದರೆ ಕತ್ತರಿಸಿ ತೆಗೆಯುವುದು: ‘ಹಿಸ್ಟರೆಕ್ಟಮಿ’ ಎಂದರೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಈ ಒಂದು ಪದ ಗೊತ್ತಿರಲೇಬೇಕು.

‘ಕ್ರಾನಿಕ್’ ಎಂದರೆ ಬಹಳ ಜೋರಿನ ರೋಗ ಎಂದು ತಿಳಿದವರಿದ್ದಾರೆ. ಗ್ರೀಕಿನಲ್ಲಿ ಆ ಪದದ ಬೇರು ಕಾಲ, ಸಮಯ. ಅಂದರೆ ಬಹುಕಾಲ ಇರುವ ರೋಗ. ಥಟ್ಟನೆ ಬಂದದ್ದು ‘ಅಕ್ಯೂಟ್’. ಗಡ್ಡೆಯ ವರದಿಯಲ್ಲಿ ‘ಬಿನೈನ್’ ಎಂದಿದ್ದರೆ ಅದು ಕ್ಯಾನ್ಸರ್ ಅಲ್ಲದ ಗಡ್ಡೆ, ‘ಮಲಿಗ್ನಂಟ್’ ಎಂದಿದ್ದರೆ ಕ್ಯಾನ್ಸರ್. ‘ಬೆನೆ’ ಒಳ್ಳೆಯದು, ‘ಮಾಲ್’ ಕೆಟ್ಟದ್ದು. ಮಲೇರಿಯಾದಲ್ಲೂ ಅದೇ ‘ಮಾಲ್’ ಇದೆ. ಇಟಲಿಯ ಭಾಷೆಯಲ್ಲಿ ಅದರ ಅರ್ಥ ಕೆಟ್ಟ ಗಾಳಿ. ಆ ಜ್ವರ ಗಾಳಿಯಿಂದಲ್ಲ, ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ 1897ರಲ್ಲಿ ಪುರಾವೆ ಕಂಡದ್ದು ಇಲ್ಲೇ, ಸಿಕಂದರಾಬಾದಿನಲ್ಲಿ.

ಬ್ಯಾಂಕು, ನೋಂದಣಿ ಕಚೇರಿ

ಗಡಿ ಹಳ್ಳಿಯ ರೈತನ ಪಹಣಿ ಒಂದು ಭಾಷೆಯಲ್ಲಿ, ಸಾಲದ ಪತ್ರ ಇನ್ನೊಂದರಲ್ಲಿ. ನಡುವೆ ಸೇತುವೆಯಂತೆ ನಿಲ್ಲುವುದು ಇಂಗ್ಲಿಷ್ ಪದ. ‘ಮ್ಯುಟೇಶನ್’ ಎಂಬುದನ್ನೇ ತೆಗೆದುಕೊಳ್ಳಿ. ಲ್ಯಾಟಿನ್ ಬೇರಿನ ಅರ್ಥ ಬದಲಾಗು. ಕೇರಳದಲ್ಲಿ ಅದು ಪೋಕ್ಕುವರವು, ಮಹಾರಾಷ್ಟ್ರದಲ್ಲಿ ಫೇರ್‌ಫಾರ್, ತಮಿಳುನಾಡಿನಲ್ಲಿ ಪಟ್ಟಾ ಮಾರುದಲ್, ಕನ್ನಡದಲ್ಲಿ ಖಾತೆ ಬದಲಾವಣೆ. ಜೀವಶಾಸ್ತ್ರದಲ್ಲಿ ವೈರಾಣುವಿನ ‘ಮ್ಯುಟೇಶನ್’ ಎಂದಾಗಲೂ ಅದೇ ಬದಲಾವಣೆ. ‘ಎನ್‌ಕಂಬ್ರೆನ್ಸ್’ ಎಂದರೆ ಹೊರೆ, ಅಡ್ಡಿ. ಕನ್ನಡದಲ್ಲಿ ಋಣಭಾರ, ಮರಾಠಿಯಲ್ಲಿ ಬೋಜಾ, ಮಲಯಾಳಂನಲ್ಲಿ ಬಾಧ್ಯತೆ, ತಮಿಳಿನಲ್ಲಿ ವಿಲ್ಲಂಗಂ.

ಅಡವು ಇಡುವುದಕ್ಕೆ ಇಂಗ್ಲಿಷಿನಲ್ಲಿ ಮೂರು ಪದ, ಮೂರೂ ಬೇರೆ. ಚಿನ್ನವನ್ನು ಬ್ಯಾಂಕಿನ ಕೈಗೇ ಕೊಟ್ಟರೆ ‘ಪ್ಲೆಡ್ಜ್’. ಜಮೀನಿನ ಮೇಲೆ ಸಾಲ ಪಡೆದರೆ ‘ಮಾರ್ಟ್‌ಗೇಜ್’. ಟ್ರ್ಯಾಕ್ಟರ್ ಮನೆಯಲ್ಲೇ ಇದ್ದು ಅದರ ಮೇಲೆ ಬ್ಯಾಂಕಿನ ಹಕ್ಕಿದ್ದರೆ ‘ಹೈಪಾಥಿಕೇಶನ್’. ಇಲ್ಲೂ ಹಳೆಯ ‘ಹೈಪೊ’ ಇದೆ. ಕೆಳಗೆ ಇಟ್ಟದ್ದು ಎಂದು ಮೂಲ ಅರ್ಥ. ಸಾಲ ತೀರಿದ ಮೇಲೆ ವಾಹನದ ಆರ್‌ಸಿಯಿಂದ ಆ ಪದವನ್ನು ತೆಗೆಸದಿದ್ದರೆ ಮಾರುವಾಗ ಕಷ್ಟ.

‘ಗ್ಯಾರಂಟರ್’ ಅಥವಾ ‘ಶ್ಯೂರಿಟಿ’ ಎಂಬಲ್ಲಿ ನೆರೆಮನೆಯವನಿಗಾಗಿ ಸಹಿ ಹಾಕುವವರು, ಸಾಕ್ಷಿ ಹಾಕಿದಷ್ಟೇ ಸಲೀಸು ಎಂದುಕೊಳ್ಳುತ್ತಾರೆ. ಹಾಗಲ್ಲ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸಾಕ್ಷಿಗೆ ಇಂಗ್ಲಿಷಿನಲ್ಲಿ ‘ವಿಟ್ನೆಸ್’ ಎಂಬ ಬೇರೆಯೇ ಪದವಿದೆ. ಬ್ಯಾಂಕ್ ಠೇವಣಿಯ ‘ನಾಮಿನಿ’ಯೂ ಹೀಗೆಯೇ. ಹಣವನ್ನು ಬ್ಯಾಂಕಿನಿಂದ ಪಡೆಯಲು ಹೆಸರಿಸಿದವರು ನಾಮಿನಿ. ಆ ಹಣದ ವಾರಸುದಾರರು ಯಾರೆಂಬುದು ಉತ್ತರಾಧಿಕಾರದ ಕಾನೂನಿಗೆ ಬಿಟ್ಟದ್ದು. ಒಂದೊಂದು ಪದದ ಹಿಂದೆ ಒಂದೊಂದು ಮನೆಯ ಜಗಳ ನಿಂತಿರುತ್ತದೆ.

ಬೇರು ದಾರಿ ತಪ್ಪಿಸುವಾಗ

ಬಿಡಿಸಿ ನೋಡುವುದು ಒಳ್ಳೆಯ ಉಪಾಯ, ಆದರೆ ಕಣ್ಣು ಮುಚ್ಚಿ ನಂಬಬಾರದು. ‘ಇನ್’ ಎಂದರೆ ಇಲ್ಲ ಎಂದುಕೊಂಡು, ಟ್ಯಾಂಕರ್ ಲಾರಿಯ ಮೇಲಿನ ‘ಇನ್‌ಫ್ಲೇಮಬಲ್’ ಪದಕ್ಕೆ ಬೆಂಕಿ ಹತ್ತದ್ದು ಎಂದು ಅರ್ಥ ಮಾಡಿದರೆ ಅನಾಹುತ. ಅಲ್ಲಿ ‘ಇನ್’ ಎಂದರೆ ಒಳಗೆ. ಬೇಗ ಹೊತ್ತಿಕೊಳ್ಳುವುದು ಎಂಬುದೇ ಅರ್ಥ. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ‘ನೈಸ್’ ಎಂಬ ಸಿಹಿ ಪದದ ಲ್ಯಾಟಿನ್ ಮೂಲಕ್ಕೆ ಅಜ್ಞಾನಿ ಎಂಬ ಅರ್ಥವಿತ್ತು.

ಒಂದೇ ಪದ ಜಾಗಕ್ಕೊಂದು ಅರ್ಥ ಕೊಡುವುದೂ ಉಂಟು. ಸಾಲ ‘ಸ್ಯಾಂಕ್ಷನ್’ ಆಯಿತೆಂದರೆ ಮಂಜೂರಾಯಿತು. ಒಂದು ದೇಶದ ಮೇಲೆ ‘ಸ್ಯಾಂಕ್ಷನ್’ ಹೇರಿದರೆಂದರೆ ನಿರ್ಬಂಧ. ಕ್ರಯಪತ್ರದ ‘ಕನ್ಸಿಡರೇಶನ್’ ಎಂದರೆ ಯೋಚನೆಯಲ್ಲ, ಕೊಟ್ಟ ಪ್ರತಿಫಲದ ಹಣ. ‘ಇಂಟರೆಸ್ಟ್’ ಬ್ಯಾಂಕಿನಲ್ಲಿ ಬಡ್ಡಿ, ಶಾಲೆಯಲ್ಲಿ ಆಸಕ್ತಿ.

ಈ ವಿಷಯದಲ್ಲಿ ಗಡಿನಾಡಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ‘ಅವಸರ’ ಎಂಬ ಒಂದೇ ಪದ ಕನ್ನಡದಲ್ಲಿ ಗಡಿಬಿಡಿ, ತೆಲುಗಿನಲ್ಲಿ ಅಗತ್ಯ, ಮಲಯಾಳಂನಲ್ಲಿ ಸಂದರ್ಭ ಅಥವಾ ಸಿಕ್ಕ ಅನುಕೂಲ. ಕನ್ನಡದ ‘ಅವಕಾಶ’ ಗಡಿ ದಾಟಿ ಮಲಯಾಳಂಗೆ ಹೋದರೆ ಹಕ್ಕು ಆಗುತ್ತದೆ. ಅಲ್ಲಿ ಮಾನವ ಹಕ್ಕು ಎಂದರೆ ಮನುಷ್ಯಾವಕಾಶ. ‘ಉಪನ್ಯಾಸ’ ನಮ್ಮಲ್ಲಿ ಭಾಷಣ, ಮಲಯಾಳಂನಲ್ಲಿ ಪ್ರಬಂಧ, ಹಿಂದಿಯಲ್ಲಿ ಕಾದಂಬರಿ. ‘ಸಂಸಾರ’ ನಮಗೆ ಹೆಂಡತಿ ಮಕ್ಕಳು, ಮಲಯಾಳಂನವರಿಗೆ ಮಾತುಕತೆ. ಮಾತಾಡುವವರು ಯಾರು, ಜಾಗ ಯಾವುದು ಎಂದು ನೋಡಿ ಸರಿಯಾದ ಅರ್ಥ ಹಿಡಿಯುವುದು ಇಲ್ಲಿನ ಮಗುವಿಗೂ ಗೊತ್ತು. ಇಂಗ್ಲಿಷ್ ಪದಕ್ಕೂ ಅದೇ ಕಿವಿ ಸಾಕು. ಪದವನ್ನು ಒಂಟಿಯಾಗಿ ಕಲಿಯದೆ ವಾಕ್ಯದೊಳಗೆ ಕಲಿಯಬೇಕು, ಅಷ್ಟೇ.

ಮರೆವಿಗೆ ಮದ್ದು

ಕಲಿತ ಪದ ಮರೆತುಹೋಗುವುದು ದಡ್ಡತನವಲ್ಲ, ಮನಸ್ಸಿನ ಸ್ವಭಾವ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ದಿನವೇ ಅತಿ ಹೆಚ್ಚು, ಆಮೇಲೆ ನಿಧಾನ ಎಂಬುದು ಅದರಿಂದ ತಿಳಿಯಿತು. ಹಾಗಾಗಿ ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳಿಗೊಮ್ಮೆ ನೋಡುವುದು ಮೇಲು.

ಸೆಬಾಸ್ಟಿಯನ್ ಲೈಟ್ನರ್ ಎಂಬವರು 1972ರಲ್ಲಿ ಇದಕ್ಕೊಂದು ಅಗ್ಗದ ಉಪಾಯ ಹೇಳಿದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿದರೂ ಆದೀತು. ಒಂದು ಬದಿಗೆ ಇಂಗ್ಲಿಷ್ ಪದ, ಇನ್ನೊಂದು ಬದಿಗೆ ಅರ್ಥ. ಮೂರು ರಟ್ಟಿನ ಡಬ್ಬಿ ಇಟ್ಟುಕೊಳ್ಳಿ. ಮೊದಲ ಡಬ್ಬಿಯದನ್ನು ದಿನಾ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ನೋಡಬೇಕು. ಸರಿಯಾಗಿ ಹೇಳಿದ ಪದ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲನೆಯದಕ್ಕೆ. ಗೊತ್ತಿರುವುದರ ಮೇಲೆ ಹೊತ್ತು ಕಳೆಯದೆ, ಗೊತ್ತಿಲ್ಲದ್ದನ್ನೇ ಹೆಚ್ಚು ನೋಡಿದಂತಾಗುತ್ತದೆ.

ಚೀಟಿಯ ಹಿಂಬದಿಯಲ್ಲಿ ನಾಲ್ಕು ಸಂಗತಿ ಇರಲಿ: ಪದದ ತುಂಡುಗಳು, ಕನ್ನಡದ ಅರ್ಥ, ನೆರೆಭಾಷೆಯಲ್ಲಿ ಜನ ಆಡುವ ಪದ, ಮತ್ತು ಸ್ವಂತ ಬದುಕಿಗೆ ಸಂಬಂಧಿಸಿದ ಒಂದು ವಾಕ್ಯ. ‘ಡ್ರಾಟ್’ ಎಂದರೆ ಬರ ಎಂದು ಬರೆಯುವುದಕ್ಕಿಂತ ಮನೆಯ ಬಾವಿ ಬತ್ತಿದ ವರ್ಷದ ಬಗ್ಗೆ ಒಂದು ಇಂಗ್ಲಿಷ್ ವಾಕ್ಯ ಬರೆದರೆ ಆ ಪದ ಮರೆಯುವುದಿಲ್ಲ. ಸ್ಪೆಲಿಂಗ್ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು; ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಪರೀಕ್ಷೆಯಲ್ಲಿ ಕೈಕೊಡುತ್ತದೆ.

ನಿಘಂಟು ಎರಡು ಬಗೆಯದು ಬೇಕು. ಅರ್ಥಕ್ಕೆ ಇಂಗ್ಲಿಷ್–ಕನ್ನಡ ನಿಘಂಟು. ಬಳಕೆಗೆ, ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಎರಡನೆಯ ಬಗೆಯದರಲ್ಲಿ ಹೆಸರಾದದ್ದು ಎ. ಎಸ್. ಹಾರ್ನ್‌ಬಿಯವರದು. ಜಪಾನಿನ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಸುತ್ತಾ ಅವರು ಅದನ್ನು ರೂಪಿಸಿದರು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಸುಲಭ ಪದಗಳಲ್ಲಿ ಅರ್ಥ, ಜೊತೆಗೆ ವಾಕ್ಯ, ಇದು ಅದರ ಗುಣ. ಮೊಬೈಲಿನಲ್ಲೂ ಇಂಥ ನಿಘಂಟುಗಳು ಸಿಗುತ್ತವೆ.

ಕೊಟ್ಟದ್ದೂ ಉಂಟು

ಇಂಗ್ಲಿಷ್ ಪರರದು ಎಂಬ ಅಳುಕು ಇರುವವರು ಒಮ್ಮೆ ತಮ್ಮ ಅಂಗಳವನ್ನೇ ನೋಡಬಹುದು. ಅಡಿಕೆಗೆ ಇಂಗ್ಲಿಷಿನ ‘ಅರೆಕ’ ಪೋರ್ಚುಗೀಸರ ಮೂಲಕ ಮಲಬಾರಿನಿಂದ ಹೋದದ್ದು. ‘ಕೊಪ್ರಾ’ ಮಲಯಾಳಂನ ಕೊಪ್ಪರ, ‘ಕಾಯರ್’ ಅಲ್ಲಿನ ಕಯರ್ ಹಗ್ಗ, ‘ಟೀಕ್’ ಅಲ್ಲಿನ ತೇಕ್ಕು. ‘ಕ್ಯಾಟಮರಾನ್’ ತಮಿಳಿನ ಕಟ್ಟುಮರ. ‘ಬ್ಯಾಂಡಿಕೂಟ್’ ತೆಲುಗಿನ ಪಂದಿಕೊಕ್ಕು, ಅಂದರೆ ಹೆಗ್ಗಣ. ‘ಮಂಗೂಸ್’ ಮರಾಠಿಯಿಂದ ಹೋದದ್ದು. ಕನ್ನಡದ ಮುಂಗುಸಿಗೂ ಅದಕ್ಕೂ ಎಷ್ಟು ಹತ್ತಿರವೆಂದು ಹೇಳಬೇಕಿಲ್ಲ. ಬೇರೆಯವರ ಪದವನ್ನು ನಾಚಿಕೆಯಿಲ್ಲದೆ ತನ್ನದು ಮಾಡಿಕೊಂಡೇ ಇಂಗ್ಲಿಷ್ ಬೆಳೆದಿದೆ.

ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಬಾಳಿದ ಎಂ. ಗೋವಿಂದ ಪೈಗಳು ಅನೇಕ ಭಾಷೆಗಳನ್ನು ಬಲ್ಲವರಾಗಿದ್ದೂ ಕನ್ನಡದ ಕವಿಯಾಗಿಯೇ ಉಳಿದರು. ಒಂದು ಭಾಷೆ ಬಂದರೆ ಇನ್ನೊಂದು ಹೋಗುತ್ತದೆ ಎಂಬ ಹೆದರಿಕೆಗೆ ಗಡಿನಾಡಿನಲ್ಲಿ ಜಾಗವಿಲ್ಲ. ಮುಂದಿನ ಸಲ ಬ್ಯಾಂಕಿನಿಂದಲೋ ಆಸ್ಪತ್ರೆಯಿಂದಲೋ ಗಟ್ಟಿ ಪದವಿರುವ ಕಾಗದ ಬಂದಾಗ, ಮನೆಯ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ಆ ಪದದ ನಡುವೆ ಒಂದು ಗೆರೆ ಎಳೆಯಲು ಹೇಳಿ. ಕಲಿಕೆ ಅಲ್ಲಿಂದಲೇ ಶುರುವಾಗಲಿ.